ಕೆಮ್ಮಿನ ಸಿರಪ್ ಕುಡಿದವರಿಗೂ ನಿಷೇಧವೇ? ಡೋಪಿಂಗ್ ಬಗ್ಗೆ ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಉದ್ದೀಪನ ಮದ್ದಿನ ವಿಷಯದಲ್ಲಿ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಆಟಗಾರರಿಗಿಂತ ಅಪ್ಪ-ಅಮ್ಮಂದಿರದೇ ಹೆಚ್ಚು. ಕ್ರೀಡಾ ವೈದ್ಯರು ಮತ್ತು ಕ್ರೀಡಾ ಕಾನೂನು ಬಲ್ಲವರು ಕೂಡಿ ಬರೆದ ಉತ್ತರಗಳು ಇಲ್ಲಿವೆ. ಪತ್ರ ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ.

ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ಎರಡು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೂ ಮೂರೇ ತಿಂಗಳು. ನಮ್ಮ ಕಡೆಯ ಹುಡುಗರಿಗೆ ನಾಲ್ಕು ವರ್ಷ. ದುಡ್ಡಿದ್ದವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದೇ?
– ದಾವಣಗೆರೆ

ನಿಮ್ಮ ಸಿಟ್ಟು ಸರಿಯಾದದ್ದೇ. ಆದರೆ ಅನ್ಯಾಯ ಎಲ್ಲಿದೆ ಎಂದು ಹುಡುಕಬೇಕಾದರೆ ಮೊದಲು ಶಿಕ್ಷೆಯ ಲೆಕ್ಕ ಗೊತ್ತಿರಬೇಕು.

ಎಲ್ಲ ದೇಶಗಳಿಗೂ ಆಧಾರ ಒಂದೇ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ಸಂಹಿತೆ. 2021ರಿಂದ ಜಾರಿಯಲ್ಲಿರುವ ಆವೃತ್ತಿಯಲ್ಲಿ ನಿಷೇಧಿತ ವಸ್ತುಗಳನ್ನು ಎರಡು ಗುಂಪು ಮಾಡಿದ್ದಾರೆ. ಸ್ನಾಯು ಬೆಳೆಸುವ ಸ್ಟೆರಾಯ್ಡ್, ರಕ್ತದ ಕೆಂಪುಕಣ ಹೆಚ್ಚಿಸುವ ಇಪಿಒ, ಬೆಳವಣಿಗೆಯ ಹಾರ್ಮೋನ್ ಮೊದಲಾದವು ಒಂದು ಗುಂಪು. ಇವು ಸಾಮಾನ್ಯ ಕಾಯಿಲೆಯ ಔಷಧಿಯ ಜೊತೆ ಹೊಟ್ಟೆ ಸೇರುವುದು ಅಪರೂಪ, ಹಾಗಾಗಿ ಲೆಕ್ಕ ನಾಲ್ಕು ವರ್ಷದಿಂದ ಶುರು. ಬೇಕೆಂದು ತೆಗೆದುಕೊಂಡಿಲ್ಲ ಎಂದು ಆಟಗಾರ ಸಾಬೀತು ಮಾಡಿದರೆ ಎರಡು ವರ್ಷಕ್ಕೆ ಇಳಿಯುತ್ತದೆ. ಕೆಮ್ಮಿನ ಸಿರಪ್ಪು, ಬಿಪಿ ಮಾತ್ರೆಯಂಥವುಗಳಲ್ಲಿ ಸಿಗುವ ವಸ್ತುಗಳು ಇನ್ನೊಂದು ಗುಂಪು. ಇಲ್ಲಿ ಲೆಕ್ಕ ಎರಡು ವರ್ಷದಿಂದ ಶುರು. ಬೇಕೆಂದೇ ಮಾಡಿದ್ದು ಎಂದು ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ಸಾಬೀತು ಮಾಡಿದರೆ ನಾಲ್ಕಕ್ಕೆ ಏರುತ್ತದೆ. ಯಾರು ಸಾಬೀತು ಮಾಡಬೇಕು ಎಂಬುದು ಬಹಳ ದೊಡ್ಡ ವ್ಯತ್ಯಾಸ.

ಇದರ ಮೇಲೆ ತಪ್ಪಿನ ತೂಕ ನೋಡುತ್ತಾರೆ. ಆಟಗಾರನ ತಪ್ಪು ಏನೇನೂ ಇಲ್ಲ ಎಂದಾದರೆ ನಿಷೇಧವೇ ಇಲ್ಲ. ಎರಡನೇ ಗುಂಪಿನ ವಸ್ತು ಅಥವಾ ಕಲಬೆರಕೆಯಾದ ಪದಾರ್ಥದಿಂದ ಬಂದು, ತಪ್ಪು ದೊಡ್ಡದಲ್ಲ ಎಂದಾದರೆ ಬರೀ ಎಚ್ಚರಿಕೆಯಿಂದ ಹಿಡಿದು ಎರಡು ವರ್ಷದವರೆಗೆ ಎಷ್ಟಾದರೂ ಆಗಬಹುದು.

ಸಿನ್ನರ್ ಮಾದರಿಯಲ್ಲಿ 2024ರ ಮಾರ್ಚ್‌ನಲ್ಲಿ ಸಿಕ್ಕಿದ್ದು ಕ್ಲೋಸ್ಟೆಬಾಲ್ ಎಂಬ ಸ್ಟೆರಾಯ್ಡ್. ಪ್ರಮಾಣ ಒಂದು ಮಿಲಿಲೀಟರಿಗೆ ಗ್ರಾಮಿನ ನೂರು ಕೋಟಿಯ ಒಂದು ಭಾಗಕ್ಕಿಂತ ಕಡಿಮೆ. ಫಿಸಿಯೊ ತನ್ನ ಬೆರಳಿನ ಗಾಯಕ್ಕೆ ಹಾಕಿಕೊಂಡಿದ್ದ ಸ್ಪ್ರೇ, ಮಸಾಜ್ ಮಾಡುವಾಗ ಆಟಗಾರನ ಚರ್ಮಕ್ಕೆ ಹತ್ತಿತು ಎಂಬ ವಿವರಣೆಯನ್ನು ಸ್ವತಂತ್ರ ಮಂಡಳಿ ಒಪ್ಪಿತು. ವಾಡಾ ಮೇಲ್ಮನವಿ ಹೋಯಿತು, ಕೊನೆಗೆ 2025ರ ಫೆಬ್ರವರಿಯಲ್ಲಿ ಮೂರು ತಿಂಗಳಿಗೆ ರಾಜಿಯಾಯಿತು. ಸ್ಪ್ರೇ ಎಲ್ಲಿ ಕೊಂಡದ್ದು, ಯಾವ ದಿನ ಹಚ್ಚಿದ್ದು, ಅಷ್ಟೇ ಪ್ರಮಾಣ ಮೂತ್ರದಲ್ಲಿ ಬರಲು ಸಾಧ್ಯವೇ ಎಂದು ಹೇಳುವ ತಜ್ಞರು, ಇವೆಲ್ಲ ಅವರ ಕೈಯಲ್ಲಿ ಕೆಲವೇ ದಿನಗಳಲ್ಲಿ ಇತ್ತು. ಅನ್ಯಾಯ ಇರುವುದು ಇಲ್ಲಿ. ಹಾಸ್ಟೆಲ್ಲಿನಲ್ಲಿ ನಾಲ್ಕು ಜನರ ಜೊತೆ ಕೋಣೆ ಹಂಚಿಕೊಂಡಿರುವ ಹುಡುಗಿಗೂ ಅದೇ ನಿಯಮ. ಆದರೆ ಅವಳ ಬಳಿ ಖಾಲಿ ಡಬ್ಬಿಯೂ ಇರುವುದಿಲ್ಲ, ಬಿಲ್ಲೂ ಇರುವುದಿಲ್ಲ, ಒಂದು ಡಬ್ಬಿ ಪುಡಿಯನ್ನು ಲ್ಯಾಬಿನಲ್ಲಿ ಪರೀಕ್ಷಿಸಲು ದುಡ್ಡೂ ಇರುವುದಿಲ್ಲ. ಬೇಕೆಂದು ತಿಂದಿಲ್ಲ ಎಂಬ ಮಾತು ನಿಜವೇ ಆಗಿದ್ದರೂ ಅದನ್ನು ಸಾಬೀತು ಮಾಡಲು ಅವಳಿಂದ ಆಗುವುದಿಲ್ಲ.

ಹಾಗೆಂದು ದುಡ್ಡಿದ್ದವರೆಲ್ಲ ಸುಲಭವಾಗಿ ಪಾರಾಗುತ್ತಾರೆ ಎಂದೂ ಅಲ್ಲ. ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ ಅವರಿಗೆ ಮೊದಲು ನಾಲ್ಕು ವರ್ಷ ಹಾಕಿದರು. 2024ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಒಂಬತ್ತು ತಿಂಗಳಿಗೆ ಇಳಿಸಿತು. ಅಷ್ಟರಲ್ಲಿ ಅವರು 2022ರ ಅಕ್ಟೋಬರ್‌ನಿಂದ ಆಟದ ಹೊರಗೇ ಇದ್ದರು. ಒಂಬತ್ತು ತಿಂಗಳ ಶಿಕ್ಷೆಗೆ ಹದಿನೇಳು ತಿಂಗಳು. ವಿಚಾರಣೆ ಬೇಗ ಮುಗಿಯದಿದ್ದರೆ ತೀರ್ಪು ಎಷ್ಟೇ ನ್ಯಾಯವಾಗಿರಲಿ, ಹೋದ ಸೀಸನ್ ವಾಪಸ್ ಬರುವುದಿಲ್ಲ.

ಮಗಳು ಮುಂದಿನ ತಿಂಗಳು ರಾಷ್ಟ್ರೀಯ ಜೂನಿಯರ್ ಕೂಟದಲ್ಲಿ ಓಡುತ್ತಾಳೆ, ಹದಿನಾರು ವರ್ಷ. ಮಾದರಿ ತೆಗೆಯುವಾಗ ಎದುರಿಗೆ ನಿಂತು ನೋಡುತ್ತಾರಂತೆ, ಅವಳಿಗೆ ಭಯ. ಏನೇನು ನಡೆಯುತ್ತದೆ?
– ಬ್ರಹ್ಮಾವರ

ನೋಡುತ್ತಾರೆ, ಅದು ನಿಜ. ಆದರೆ ನೋಡುವವರು ಹೆಂಗಸೇ ಆಗಿರಬೇಕು. ಹದಿನೆಂಟರೊಳಗಿನವರ ಜೊತೆ ಒಬ್ಬ ದೊಡ್ಡವರು ಇರಬಹುದು: ನೀವು, ತಾಯಿ ಅಥವಾ ಟೀಮ್ ಮ್ಯಾನೇಜರ್. ಟಾಯ್ಲೆಟ್ಟಿನೊಳಗೆ ತಾಯಿ ಹೋದರೆ ಒಳ್ಳೆಯದು. ಅವರು ಅಲ್ಲಿ ಮಗಳನ್ನು ನೋಡಬೇಕಿಲ್ಲ, ನೋಡುವ ಅಧಿಕಾರಿ ಸರಿಯಾಗಿ ನಡೆದುಕೊಳ್ಳುತ್ತಾರೆಯೇ ಎಂದು ನೋಡಿದರೆ ಸಾಕು. ಇದನ್ನು ಮನೆಯಲ್ಲೇ ಮಗಳಿಗೆ ಬಿಡಿಸಿ ಹೇಳಿ. ಮೊದಲ ಸಲ ಅಲ್ಲಿಯೇ ಗೊತ್ತಾದರೆ ಮಕ್ಕಳು ಅಳುತ್ತಾರೆ, ಗಾಬರಿಯಲ್ಲಿ ಮೂತ್ರವೂ ಬರುವುದಿಲ್ಲ.

ಓಟ ಮುಗಿದ ಮೇಲೆ ಒಬ್ಬರು ಬಂದು ಗುರುತಿನ ಚೀಟಿ ತೋರಿಸಿ ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ಆ ಕ್ಷಣದಿಂದ ಮಾದರಿ ಕೊಡುವವರೆಗೆ ಅವರು ಬೆನ್ನು ಬಿಡುವುದಿಲ್ಲ. ಪದಕ ಪಡೆಯಲು, ಇನ್ನೊಂದು ಓಟ ಓಡಲು, ಗಾಯಕ್ಕೆ ಚಿಕಿತ್ಸೆ ಪಡೆಯಲು ಸಮಯ ಕೇಳಬಹುದು. ಅವರ ಕಣ್ಣೆದುರೇ ಇರಬೇಕು, ಅಷ್ಟೆ.

ಕೋಣೆಯಲ್ಲಿ ಹಲವು ಕಪ್‌ಗಳು, ಹಲವು ಕಿಟ್‌ಗಳು ಇರುತ್ತವೆ. ಆರಿಸುವವಳು ಮಗಳೇ. ಪ್ಯಾಕು ಹರಿದಿದೆಯೇ, ಬಾಟಲಿ, ಮುಚ್ಚಳ, ಪೆಟ್ಟಿಗೆಯ ಮೇಲಿನ ನಂಬರ್ ಒಂದೇ ಇದೆಯೇ ಎಂದು ಅವಳೇ ಓದಬೇಕು. ಕನಿಷ್ಠ 90 ಮಿಲಿ ಮೂತ್ರ ಬೇಕು. ಕಡಿಮೆಯಾದರೆ ಅಷ್ಟನ್ನೇ ಸೀಲ್ ಮಾಡಿ ಇಟ್ಟು, ಮತ್ತೆ ಬಂದಾಗ ಸೇರಿಸುತ್ತಾರೆ. ಆಮೇಲೆ ಅವಳೇ ಬಿ ಬಾಟಲಿಗೆ 30 ಮಿಲಿ, ಎ ಬಾಟಲಿಗೆ ಕನಿಷ್ಠ 60 ಮಿಲಿ ಸುರಿದು ಮುಚ್ಚಳ ತಿರುಗಿಸಬೇಕು. ಮುಚ್ಚಳ ಕಟಕಟ ಎನ್ನುತ್ತ ಒಂದೇ ಕಡೆಗೆ ತಿರುಗುತ್ತದೆ, ಆ ಮೇಲೆ ಒಡೆಯದೆ ತೆಗೆಯಲು ಆಗುವುದಿಲ್ಲ. ಕಪ್ಪಿನಲ್ಲಿ ಉಳಿದ ಹನಿಯಿಂದ ಸಾಂದ್ರತೆ ನೋಡುತ್ತಾರೆ. ಸಾಮಾನ್ಯವಾಗಿ ಎಡವುವುದು ಇಲ್ಲೇ. ಬೇಗ ಮುಗಿಯಲಿ ಎಂದು ಎರಡು ಮೂರು ಲೀಟರ್ ನೀರು ಕುಡಿದರೆ ಮೂತ್ರ ತೆಳ್ಳಗಾಗಿ 1.005ಕ್ಕಿಂತ ಕೆಳಗೆ ಬರುತ್ತದೆ, ಮತ್ತೆ ಕೊಡಬೇಕು, ರಾತ್ರಿಯಾಗುತ್ತದೆ. ಒಂದು ಬಾಟಲಿ ನೀರು ಸಾಕು. ಅದೂ ಸೀಲ್ ಒಡೆಯದ ಬಾಟಲಿ, ಅವಳೇ ತೆರೆದದ್ದು.

ಕೊನೆಗೆ ಅರ್ಜಿ. ಹಿಂದಿನ ಏಳು ದಿನದಲ್ಲಿ ತೆಗೆದುಕೊಂಡ ಪ್ರತಿ ಮಾತ್ರೆ, ಸಿರಪ್ಪು, ಪುಡಿ, ಲೇಹ್ಯ, ಮುಲಾಮು ಬರೆಯಬೇಕು. ಬರೆದರೆ ಸಿಕ್ಕಿಬೀಳುತ್ತೇವೆ ಎಂದು ಕೆಲವು ಕೋಚ್‌ಗಳು ಬಿಡಿಸುತ್ತಾರೆ. ಅದು ಬಹಳ ಕೆಟ್ಟ ಸಲಹೆ. ಬರೆದದ್ದರಿಂದ ಯಾರೂ ಸಿಕ್ಕಿಬೀಳುವುದಿಲ್ಲ. ಮುಂದೆ ಏನಾದರೂ ಬಂದರೆ ಅಂದು ಬರೆದ ಒಂದು ಸಾಲೇ ನಿಮ್ಮ ಕೈ ಹಿಡಿಯುತ್ತದೆ. ಏನಾದರೂ ಸರಿ ಕಾಣದಿದ್ದರೆ ಷರಾ ಬರೆಯುವ ಜಾಗದಲ್ಲಿ ಕನ್ನಡದಲ್ಲೇ ಬರೆಯಲಿ, ಅರ್ಜಿಯ ಒಂದು ಪ್ರತಿಯನ್ನು ಮನೆಗೆ ತನ್ನಿ. ಕೊಡುವುದಿಲ್ಲ ಎಂದು ಎದ್ದು ಬರುವುದು ಮಾತ್ರ ಬೇಡ: ನಿರಾಕರಣೆಗೆ ಸ್ಟೆರಾಯ್ಡ್‌ನಷ್ಟೇ ಶಿಕ್ಷೆ. ಕುಸ್ತಿಪಟು ಬಜರಂಗ್ ಪುನಿಯಾ ಕಿಟ್ ಅವಧಿ ಮುಗಿದದ್ದೆಂದು ವಾದಿಸಿದರೂ ನಾಡಾ ಸಮಿತಿ 2024ರಲ್ಲಿ ನಾಲ್ಕು ವರ್ಷವನ್ನೇ ವಿಧಿಸಿತು. ತಕರಾರಿದ್ದರೆ ಕೊಟ್ಟು ಬರೆಯಿರಿ.

ಕಬಡ್ಡಿ ಆಡುತ್ತೇನೆ. ಟೂರ್ನಿಯ ಹಿಂದಿನ ದಿನ ಜ್ವರ, ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿ ಸೊಂಟಕ್ಕೊಂದು ಇಂಜೆಕ್ಷನ್ ಕೊಟ್ಟರು. ತೊಂದರೆಯೇ?
– ಮಂಡ್ಯ

ಆಗಬಹುದು, ಎರಡು ಕಡೆಯಿಂದ. ಗ್ಲೂಕೋಸು ನಿಷೇಧಿತ ವಸ್ತುವಲ್ಲ. ಆದರೆ ರಕ್ತನಾಳದ ಮೂಲಕ 12 ಗಂಟೆಯಲ್ಲಿ 100 ಮಿಲಿಗಿಂತ ಹೆಚ್ಚು ಯಾವುದೇ ದ್ರವ ಏರಿಸುವುದೇ ನಿಷೇಧ. ಯಾಕೆಂದರೆ ಡ್ರಿಪ್ ಹಾಕಿದರೆ ರಕ್ತ, ಮೂತ್ರ ತೆಳುವಾಗಿ ಬೇರೆ ಮದ್ದಿನ ಗುರುತು ಮಸುಕಾಗುತ್ತದೆ. ಕ್ಲಿನಿಕ್ಕಿನ ಸ್ಟ್ಯಾಂಡಿಗೆ ತೂಗುಹಾಕುವ ಬಾಟಲಿ 500 ಮಿಲಿ, ಅಂದರೆ ಐದು ಪಟ್ಟು. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ, ಶಸ್ತ್ರಕ್ರಿಯೆ, ತಪಾಸಣೆ ಆದರೆ ವಿನಾಯಿತಿ ಇದೆ. ಸುಸ್ತಿಗೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಮಲಗಿ ಹಾಕಿಸಿಕೊಂಡದ್ದಕ್ಕೆ ಇಲ್ಲ. ಓಆರ್‌ಎಸ್ ಕುಡಿದರೆ ಏನೂ ತೊಂದರೆಯಿಲ್ಲ.

ಇಂಜೆಕ್ಷನ್ ಯಾವುದು ಎಂದು ಇವತ್ತೇ ಹೋಗಿ ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ಯಾರಾಸಿಟಮಾಲ್ ಆಗಿದ್ದರೆ ಚಿಂತೆಯಿಲ್ಲ. ಬೇಗ ಇಳಿಯಲಿ ಎಂದು ಡೆಕ್ಸಾಮೆಥಾಸೋನ್ ಕೊಡುವುದು ನಮ್ಮಲ್ಲಿ ರೂಢಿ. ಊತ ಇಳಿಸುವ ಇಂಥ ಸ್ಟೆರಾಯ್ಡ್‌ಗಳನ್ನು ಸೂಜಿಯಲ್ಲಿ ತೆಗೆದುಕೊಂಡು ಸ್ಪರ್ಧೆಗಿಳಿಯುವುದಕ್ಕೆ 2022ರಿಂದ ನಿಷೇಧವಿದೆ. ಡೆಕ್ಸಾಮೆಥಾಸೋನ್ ಸ್ನಾಯುವಿಗೆ ಕೊಟ್ಟರೆ ಐದು ದಿನ ಬಿಡಬೇಕು, ಟ್ರಯಾಮ್‌ಸಿನೊಲೋನ್ ಆದರೆ ಅರವತ್ತು ದಿನ. ಸ್ಪರ್ಧೆಯ ಅವಧಿ ಎಂದರೆ ಹಿಂದಿನ ರಾತ್ರಿ 11.59ರಿಂದ ಲೆಕ್ಕ. ತುರ್ತು ಚಿಕಿತ್ಸೆಯಾಗಿದ್ದರೆ ನಂತರವೂ ವಿನಾಯಿತಿಗೆ ಅರ್ಜಿ ಹಾಕಬಹುದು, ಡಾಕ್ಟರ ದಾಖಲೆ ಇದ್ದರೆ ಮಾತ್ರ. ಇನ್ನೊಂದು ಮಾತು, ಕೇಳದಿದ್ದರೂ ಹೇಳಬೇಕು. ಜಿಮ್ಮಿನಲ್ಲಿ ‘ಪವರ್’ ಬರುತ್ತದೆಂದು ಚುಚ್ಚುವ ಮೆಫೆಂಟರ್ಮಿನ್, ಅರಿವಳಿಕೆ ಕೊಟ್ಟಾಗ ಕುಸಿದ ಬಿಪಿ ಏರಿಸಲು ಇರುವ ಔಷಧಿ. ಅದು ನಾಲ್ಕು ವರ್ಷದ ಗುಂಪಿಗೆ ಸೇರಿದ್ದು, ಹೃದಯಕ್ಕೂ ಅಪಾಯ.

ಪ್ರೊಟೀನ್ ಪುಡಿಯ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆ. ಆಯುರ್ವೇದದ್ದು ತಗೊಂಡರೆ ಇನ್ನೂ ಸುರಕ್ಷಿತ ಅಂತಾರೆ. ನಂಬಬಹುದೇ?
– ಹುಬ್ಬಳ್ಳಿ

ಆ ನಂಬರು ಆಹಾರ ತಯಾರಿಸುವ ಪರವಾನಗಿ. ಒಳಗೆ ನಿಷೇಧಿತ ವಸ್ತು ಇಲ್ಲ ಎಂಬ ಗ್ಯಾರಂಟಿ ಅದರಲ್ಲಿಲ್ಲ. ಗಿಡಮೂಲಿಕೆ ಎಂದ ಮಾತ್ರಕ್ಕೂ ಸುರಕ್ಷಿತವಲ್ಲ: ಅಮೃತಬಳ್ಳಿಯ ಕುಲದ್ದೇ ಆದ ಟಿನೋಸ್ಪೊರಾ ಕ್ರಿಸ್ಪ ಎಂಬ ಬಳ್ಳಿಯಲ್ಲಿ ನಿಷೇಧಿತ ಹೈಜೆನಮೈನ್ ಇರುತ್ತದೆ.

ನಮ್ಮ ನಾಡಿಗೆ ಇದರ ಪೆಟ್ಟು ಗೊತ್ತು. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು 4x400 ರಿಲೇ ಎರಡರಲ್ಲೂ ಚಿನ್ನ ಗೆದ್ದವರು. ಮರುವರ್ಷವೇ ಅವರೂ ರಿಲೇ ತಂಡದ ಸಂಗಾತಿಗಳೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಕೊಂಡರು. ಕೋಚ್ ಕೊಟ್ಟ ಜಿನ್ಸೆಂಗ್ ಕಲಬೆರಕೆಯಾಗಿತ್ತು ಎಂಬುದು ಓಟಗಾರ್ತಿಯರ ವಾದ. ನಾಡಾ ಶಿಸ್ತು ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಹೋಗಿ, 2012ರಲ್ಲಿ ಲೌಸಾನ್‌ನ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಕೊಟ್ಟದ್ದಾದರೂ ಬಾಯಿಗೆ ಹಾಕಿಕೊಂಡವರೇ ಹೊಣೆ ಎಂಬುದು ಸಂಹಿತೆಯ ಬುಡದಲ್ಲಿರುವ ನಿಯಮ. ಅದು ಕಠಿಣ. ಅದಿಲ್ಲದಿದ್ದರೆ ಸಿಕ್ಕವರೆಲ್ಲ ‘ಗೊತ್ತಿರಲಿಲ್ಲ’ ಎಂದು ಎದ್ದುಹೋಗುತ್ತಾರೆ ಎಂಬುದನ್ನೂ ಒಪ್ಪಬೇಕು.

ಆದ್ದರಿಂದ ಹೀಗೆ ಮಾಡಿ. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಬರೆದು ಒಳಗಿನ ಅಳತೆ ಬಚ್ಚಿಟ್ಟ ಡಬ್ಬಿ ಬೇಡ. ಡಿಎಂಎಎ, ಮೀಥೈಲ್‌ಹೆಕ್ಸಾನಮೈನ್, ಆಸ್ಟರೀನ್, ಎಲ್‌ಜಿಡಿ ಎಂದು ಕಂಡರೆ ಅಲ್ಲೇ ಬಿಡಿ. ಪ್ರತಿ ಬ್ಯಾಚನ್ನೂ ಪರೀಕ್ಷಿಸಿ ಕೊಡುವ ‘ಇನ್‌ಫಾರ್ಮ್ಡ್ ಸ್ಪೋರ್ಟ್’ನಂಥ ಮುದ್ರೆ ಇದ್ದರೆ ಡಬ್ಬಿಯ ಬ್ಯಾಚ್ ನಂಬರನ್ನು ಅವರ ಪಟ್ಟಿಯಲ್ಲಿ ಹೋಲಿಸಿ. ಮುದ್ರೆ ಅಚ್ಚು ಹಾಕಿಸುವುದು ನಕಲಿ ಮಾಡುವವರಿಗೆ ಕಷ್ಟವಲ್ಲ. ಒಂದೇ ಬ್ಯಾಚಿನ ಎರಡು ಡಬ್ಬಿ ಕೊಂಡು ಒಂದನ್ನು ಸೀಲ್ ಒಡೆಯದೆ ಬಿಲ್ಲಿನ ಸಮೇತ ಇಡಿ. ತೆರೆದ ಡಬ್ಬಿಯಲ್ಲಿ ಏನು ಸಿಕ್ಕಿದರೂ ‘ಆಮೇಲೆ ಬೆರೆಸಿದ್ದೀರಿ’ ಎನ್ನಬಹುದು. ಸೀಲ್ ಇದ್ದ ಡಬ್ಬಿಯಲ್ಲಿ ಸಿಕ್ಕರೆ ಆ ಮಾತು ಬರುವುದಿಲ್ಲ. ನಿಜ ಹೇಳಬೇಕೆಂದರೆ ಮೊಟ್ಟೆ, ಹಾಲು, ಶೇಂಗಾ, ಕಾಳು ಸರಿಯಾಗಿ ತಿನ್ನುವ ಹುಡುಗರಲ್ಲಿ ಹೆಚ್ಚಿನವರಿಗೆ ಈ ಪುಡಿಯೇ ಬೇಕಿಲ್ಲ.

ಮೊದಲ ಸಲವೇ ಆಜೀವ ನಿಷೇಧ ಹಾಕಿ, ಜೈಲಿಗೂ ಕಳಿಸಿದರೆ ಈ ಪಿಡುಗು ನಿಲ್ಲುವುದಿಲ್ಲವೇ?
– ನಿವೃತ್ತ ದೈಹಿಕ ಶಿಕ್ಷಕರು, ಧಾರವಾಡ

ಮಾಸ್ತರರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. 2022ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 3,865 ಮಾದರಿಗಳಲ್ಲಿ 125ರಲ್ಲಿ ನಿಷೇಧಿತ ವಸ್ತು ಸಿಕ್ಕಿತು. ಮರುವರ್ಷ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾದವರು ಬಂದ ಸುದ್ದಿ ಹಬ್ಬಿದ್ದೇ ತಡ, ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದವನು ಒಬ್ಬನೇ.

ಆದರೂ ಮೊದಲ ಸಲಕ್ಕೇ ಆಜೀವ ನಿಷೇಧ ಎಂಬುದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಸಿಕ್ಕಿಬಿದ್ದವರನ್ನು ಒಲಿಂಪಿಕ್ಸ್‌ಗೆ ಎಂದೂ ಆರಿಸುವುದಿಲ್ಲ ಎಂಬ ಬ್ರಿಟನ್ನಿನ ನಿಯಮವನ್ನು 2012ರಲ್ಲಿ ಲೌಸಾನ್‌ನ ನ್ಯಾಯಮಂಡಳಿ ಸಂಹಿತೆಗೆ ವಿರುದ್ಧವೆಂದು ತಳ್ಳಿಹಾಕಿತು. ಹದಿನೇಳರ ಹುಡುಗ ಮತ್ತು ವರ್ಷಗಟ್ಟಲೆ ಯೋಜನೆ ಹಾಕಿ ಮಾಡಿದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್, ಇಬ್ಬರಿಗೂ ಒಂದೇ ಶಿಕ್ಷೆ ಎಂದರೆ ಸಮಿತಿಗಳು ಹುಡುಗನನ್ನು ತಪ್ಪಿತಸ್ಥ ಎನ್ನಲೇ ಹಿಂಜರಿಯುತ್ತವೆ. 2015ರಲ್ಲಿ ಎರಡು ವರ್ಷವಿದ್ದದ್ದನ್ನು ನಾಲ್ಕಕ್ಕೆ ಏರಿಸಿದ್ದೇ ಒಂದು ಒಲಿಂಪಿಕ್ಸ್ ಆದರೂ ತಪ್ಪಲಿ ಎಂದು. ಮತ್ತೆ ಮಾಡಿದವರಿಗೆ ಕರುಣೆಯಿಲ್ಲ: ಓಟಗಾರ ಬೆನ್ ಜಾನ್ಸನ್ 1988ರಲ್ಲಿ ಸಿಕ್ಕು ಎರಡು ವರ್ಷ ಹೊರಗಿದ್ದು ಬಂದರು, 1993ರಲ್ಲಿ ಮತ್ತೆ ಸಿಕ್ಕಾಗ ಆಜೀವ.

ನಿಮ್ಮ ಪರವಾಗಿ ಒಂದು ಬಲವಾದ ವಾದವಿದೆ. ಓಸ್ಲೋ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟೆರಾಯ್ಡ್ ನಿಲ್ಲಿಸಿದ ಮೂರು ತಿಂಗಳ ಮೇಲೂ ಸ್ನಾಯುವಿನಲ್ಲಿ ಹೆಚ್ಚಾಗಿದ್ದ ಕೋಶಕೇಂದ್ರಗಳು ಹಾಗೇ ಉಳಿದಿದ್ದವು, ವ್ಯಾಯಾಮ ಕೊಟ್ಟಾಗ ಸ್ನಾಯು ಬೇಗ ಬೆಳೆಯಿತು. ಮನುಷ್ಯರಲ್ಲೂ ಹೀಗೇ ಆದರೆ ನಿಷೇಧ ಮುಗಿಸಿ ಬಂದವನು ಹಳೆಯ ಲಾಭ ಹೊತ್ತೇ ಬರುತ್ತಾನೆ. ಸ್ಟೆರಾಯ್ಡ್‌ಗೆ ನಾಲ್ಕು ವರ್ಷ ಸಾಲದು ಎನ್ನುವವರನ್ನು ನಾವು ತಳ್ಳಿಹಾಕುವುದಿಲ್ಲ.

ಜೈಲು? ಇಟಲಿ, ಜರ್ಮನಿಗಳಲ್ಲಿ ಡೋಪಿಂಗ್ ಅಪರಾಧ. ನಮ್ಮ 2022ರ ರಾಷ್ಟ್ರೀಯ ಕಾಯ್ದೆ ಆಟಗಾರನನ್ನು ಜೈಲಿಗೆ ಕಳಿಸುವುದಿಲ್ಲ, ಕಳಿಸಲೂ ಬಾರದು ಎಂಬುದು ನಮ್ಮ ಅಭಿಪ್ರಾಯ. ಚೀಟಿಯಿಲ್ಲದೆ ಸ್ಟೆರಾಯ್ಡ್ ಮಾರುವವರ ಮೇಲೆ ಮೊದಲು ಕೇಸು ಬೀಳಲಿ.

ಕೋಚ್ ‘ವಿಟಮಿನ್’ ಎಂದು ಇಂಜೆಕ್ಷನ್ ಕೊಡುತ್ತಾರೆ, ಹೆಸರು ಹೇಳುವುದಿಲ್ಲ. ಹೇಳಿದರೆ ತಂಡದಿಂದ ತೆಗೆಯುತ್ತಾರೆ. ನನಗೆ ಹತ್ತೊಂಬತ್ತು.
– ಊರು ಬೇಡ ಎಂದಿದ್ದಾರೆ

ಇನ್ನು ಮೇಲೆ ಹಾಕಿಸಿಕೊಳ್ಳಬೇಡಪ್ಪ. ವಿಟಮಿನ್ ಆಗಿದ್ದರೆ ಹೆಸರು ಹೇಳಲು ಯಾರಿಗೂ ಅಂಜಿಕೆ ಇರುವುದಿಲ್ಲ. ಖಾಲಿ ಸೀಸೆ ಕಣ್ಣಿಗೆ ಬಿದ್ದರೆ ಲೇಬಲ್ಲಿನ ಫೋಟೋ ತೆಗೆದಿಡು, ದಿನ, ಹೊತ್ತು ಬರೆದಿಡು. ನಿಷೇಧಿತ ಮದ್ದು ಕೊಟ್ಟ ಕೋಚಿಗೆ ಶಿಕ್ಷೆ ನಾಲ್ಕು ವರ್ಷದಿಂದ ಆಜೀವದವರೆಗೆ. ನಾಡಾಕ್ಕೆ ಗುಟ್ಟಾಗಿ ತಿಳಿಸಬಹುದು. ನೀನೇ ಸಿಕ್ಕಿಬಿದ್ದ ಮೇಲೂ, ನೀನು ಕೊಟ್ಟ ಮಾಹಿತಿಯಿಂದ ಬೇರೆಯವರ ತಪ್ಪು ಹೊರಬಂದರೆ ನಿನ್ನ ನಿಷೇಧದ ಮುಕ್ಕಾಲು ಭಾಗದವರೆಗೆ ತಡೆಹಿಡಿಯಲು ಅವಕಾಶವಿದೆ. ಆಪಾದನೆಯ ಪತ್ರ ಬಂದ 20 ದಿನದೊಳಗೆ ತಪ್ಪು ಮತ್ತು ಶಿಕ್ಷೆ ಒಪ್ಪಿಕೊಂಡರೆ ನಾಲ್ಕರಲ್ಲಿ ಒಂದು ವರ್ಷ ಕಡಿತ. ಒಪ್ಪದಿದ್ದರೆ ಶಿಸ್ತು ಸಮಿತಿಯ ವಿಚಾರಣೆ, ಅದರ ತೀರ್ಪಿನ ಮೇಲೆ 21 ದಿನದೊಳಗೆ ಮೇಲ್ಮನವಿ. ಈ ಪತ್ರಗಳು ಇಮೇಲಿಗೆ ಬರುತ್ತವೆ. ಕೋಚ್ ಮಾಡಿಕೊಟ್ಟ ಇಮೇಲ್ ಕೊಡಬೇಡ, ನೀನೇ ದಿನವೂ ನೋಡುವುದನ್ನು ಕೊಡು. ಪತ್ರ ಓದದೆ ದಿನ ಮೀರಿ ಹೋದವರಿದ್ದಾರೆ.

ಮಗನಿಗೆ ಆಸ್ತಮಾ, ಈಜುತ್ತಾನೆ. ಇನ್‌ಹೇಲರ್ ಬಿಡಿಸಬೇಕೇ? ಕೆಮ್ಮಿಗೆ ಏನು ಕೊಡಲಿ?
– ಬೆಂಗಳೂರು

ಬಿಡಿಸಲೇಬೇಡಿ ತಾಯಿ, ಉಸಿರು ಮೊದಲು. ಸಾಲ್ಬುಟಮಾಲ್ ಇನ್‌ಹೇಲರ್‌ಗೆ ಮಿತಿಯೊಳಗೆ ಅನುಮತಿ ಇದೆ: 24 ಗಂಟೆಗೆ 1600 ಮೈಕ್ರೊಗ್ರಾಂ, ಯಾವುದೇ 8 ಗಂಟೆಯಲ್ಲಿ 600ಕ್ಕಿಂತ ಹೆಚ್ಚಾಗಬಾರದು. ಒಂದು ಪಫ್ 100 ಮೈಕ್ರೊಗ್ರಾಂ ಆದರೆ 8 ಗಂಟೆಯಲ್ಲಿ ಆರು ಪಫ್. ನೆಬುಲೈಸರ್‌ಗೆ ಹಾಕುವ ಒಂದು ಪುಟ್ಟ ಟ್ಯೂಬಿನಲ್ಲಿ 2.5 ಮಿಲಿಗ್ರಾಂ, ಅಂದರೆ 2500 ಮೈಕ್ರೊಗ್ರಾಂ ಇರುತ್ತದೆ. ಒಂದೇ ಸಲಕ್ಕೆ ಮಿತಿ ದಾಟುತ್ತದೆ. ಡಬ್ಬಿಯ ಮೇಲೆ ಲೆವೊಸಾಲ್ಬುಟಮಾಲ್ ಎಂದಿದೆಯೇ ನೋಡಿ. ನಮ್ಮ ಅಂಗಡಿಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ, ಆದರೆ ಈ ರಿಯಾಯಿತಿ ಅದಕ್ಕಿಲ್ಲ. ಡಾಕ್ಟರಿಗೆ ಹೇಳಿ ಸಾದಾ ಸಾಲ್ಬುಟಮಾಲ್ ಬರೆಸಿ, ಇಲ್ಲವೇ ಚಿಕಿತ್ಸಾ ವಿನಾಯಿತಿ ಪಡೆಯಿರಿ.

ಸಿರಪ್ಪಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕಫದ ಸಿರಪ್‌ಗಳಲ್ಲಿ ಟರ್ಬುಟಲೀನ್ ಅಥವಾ ಸಾಲ್ಬುಟಮಾಲ್ ಸೇರಿಸಿರುತ್ತಾರೆ. ಕುಡಿದರೆ ಎರಡೂ ನಿಷೇಧ, ಸ್ಪರ್ಧೆ ಇಲ್ಲದ ದಿನವೂ. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ ಟರ್ಬುಟಲೀನ್ ಇದ್ದ ಕೆಮ್ಮಿನ ಸಿರಪ್ಪಿನಿಂದಲೇ ಎಂಟು ತಿಂಗಳು ಹೊರಗುಳಿದರು. ಅಂಗಡಿಯವರಿಗೆ ‘ಕೆಮ್ಮಿಗೆ ಒಂದು ಕೊಡಿ’ ಎನ್ನಬೇಡಿ. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ, ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಿ.

ವಿನಾಯಿತಿಗೆ ಅರ್ಜಿಯನ್ನು ಕೂಟಕ್ಕೆ ಕನಿಷ್ಠ 30 ದಿನ ಮೊದಲು ಕಳಿಸಿ. ಜೊತೆಗೆ ಉಸಿರಾಟದ ಸ್ಪೈರೊಮೆಟ್ರಿ ವರದಿ, ರೋಗದ ಇತಿಹಾಸ, ಬೇರೆ ಔಷಧಿ ಯಾಕೆ ಸಾಲದು ಎಂದು ಡಾಕ್ಟರು ಬರೆದ ಪತ್ರ ಇರಬೇಕು. ವರದಿ ಇಲ್ಲದ ಅರ್ಜಿ ವಾಪಸ್ ಬರುತ್ತದೆ, ಅಷ್ಟರಲ್ಲಿ ಕೂಟದ ದಿನ ಬಂದಿರುತ್ತದೆ. ಸ್ಪೈರೊಮೆಟ್ರಿಯನ್ನು ಈ ವಾರವೇ ಮಾಡಿಸಿ.